ಒಂಟಿ ಸೈಕಲ್ಲಿಗೆ ಬಂಡಿದಾರಿ

ಬೆಂಗಳೂರಿನ ಹನುಮಂತನಗರದ ರಾಮಾಂಜನೇಯ ಗುಡ್ಡದ ಬುಡದಿಂದ ನಸುಕಿನಲ್ಲೇ ಹೊರಡುವ ಸೈಕಲ್ಲುಗಳು ಬಹುಪಾಲು ಕನಕಪುರ ರಸ್ತೆಗೋ ನಂದಿ ಬೆಟ್ಟಕ್ಕೋ ಮುಖ ಮಾಡಿರುತ್ತವೆ. ಬಿಸಿಲೇರುವ ಹೊತ್ತಿಗೆ ಮನೆ, ಸ್ನಾನ, ದೋಸೆ. ಅದೂ ಸುಖವೇ. ಆದರೆ ಸೈಕಲ್ಲಿನ ಪೂರ್ತಿ ರುಚಿ ಬೇಕೆನ್ನುವವರು ಒಮ್ಮೆಯಾದರೂ ಡಾಂಬರು ಬಿಟ್ಟು, ಒಬ್ಬರೇ, ಪಾವಗಡ–ಚಳ್ಳಕೆರೆಯ ಬಯಲಿಗೆ ಇಳಿಯಬೇಕು.

ದೂರದ ಸವಾರಿ ಈ ಊರಿಗೆ ಹೊಸದಲ್ಲ. ಗೊತ್ತುಪಡಿಸಿದ ಸಮಯದೊಳಗೆ ದೂರ ಮುಗಿಸುವ ‘ಬ್ರೆವೆ’ಯ ಸವಾರರು 200 ಕಿಲೋಮೀಟರನ್ನು ಹದಿಮೂರೂವರೆ ಗಂಟೆಯೊಳಗೆ, 600 ಕಿಲೋಮೀಟರನ್ನು 40 ಗಂಟೆಯೊಳಗೆ ಮುಗಿಸುತ್ತಾರೆ. ಬೆಂಗಳೂರಿನ ಸಮೀಮ್ ರಿಜ್ವಿ 2010ರಲ್ಲಿ ಅಮೆರಿಕವನ್ನು ಅಡ್ಡಹಾಯುವ ‘ರೇಸ್ ಅಕ್ರಾಸ್ ಅಮೆರಿಕ’ದ ಏಕಾಂಗಿ ವಿಭಾಗಕ್ಕೇ ಇಳಿದರು. ಎಲ್ಲವೂ ದೊಡ್ಡ ಸಾಹಸಗಳು. ಆದರೂ ಅಲ್ಲಿ ಗಡಿಯಾರವೇ ಯಜಮಾನ, ಕೆಳಗಿರುವುದು ನುಣುಪು ರಸ್ತೆ. ಕಚ್ಚಾ ದಾರಿಯ ಒಂಟಿ ಸವಾರನಿಗೆ ಗಡಿಯಾರ ಉಪಯೋಗಕ್ಕೆ ಬರುವುದಿಲ್ಲ. ನೆಲ ಓದಲು ಬರಬೇಕು.

ಈ ಓದನ್ನು ಮೊದಲು ಕಲಿತವರಲ್ಲಿ ಆಸ್ಟ್ರೇಲಿಯಾದ ಸವಾರರು ಮುಖ್ಯರು. 1896ರಲ್ಲಿ ಆರ್ಥರ್ ರಿಚರ್ಡ್‌ಸನ್ ಕೂಲ್‌ಗಾರ್ಡಿಯ ಚಿನ್ನದ ಗಣಿಗಳಿಂದ ಅಡಿಲೇಡಿಗೆ, ಸಣ್ಣ ಗಂಟು ಮತ್ತು ನೀರಿನ ಚೀಲ ಕಟ್ಟಿಕೊಂಡು, ನಲ್ಲಾರ್‌ಬಾರ್ ಬಯಲನ್ನು ದಾಟಿ ಬಂದ. ಮರುವರ್ಷ ಜೆರೋಮ್ ಮ್ಯೂರಿಫ್ ಪೈಜಾಮ ತೊಟ್ಟುಕೊಂಡೇ ಅಡಿಲೇಡಿನಿಂದ ಡಾರ್ವಿನ್‌ವರೆಗೆ ಖಂಡವನ್ನು ದಕ್ಷಿಣೋತ್ತರವಾಗಿ ತುಳಿದ. ಅವನಿಗೆ ದಾರಿ ತೋರಿದ್ದು 1872ರಲ್ಲಿ ಮುಗಿದಿದ್ದ ಟೆಲಿಗ್ರಾಫ್ ತಂತಿ. ಮರಳುನಾಡಿನಲ್ಲಿ ಆ ಕಾಲದ ಸವಾರರು ಹುಡುಕಿ ಹಿಡಿಯುತ್ತಿದ್ದದ್ದು ಒಂಟೆಗಳ ಜಾಡನ್ನು. ಒಂಟೆಯ ಅಗಲ ಪಾದ ಮರಳನ್ನು ತುಳಿದು ತುಳಿದು ಗಟ್ಟಿ ಮಾಡಿರುತ್ತಿತ್ತು. ಆ ಒಂಟೆಗಳೂ ಅವನ್ನು ನಡೆಸುತ್ತಿದ್ದವರೂ ಹೋದದ್ದು ಬಹುಮಟ್ಟಿಗೆ ಅಂದಿನ ಅಖಂಡ ಭಾರತದ ವಾಯವ್ಯ ಸೀಮೆಯಿಂದ ಮತ್ತು ಅಫ್ಘಾನಿಸ್ತಾನದಿಂದ.

ಅಲ್ಲಿಗೂ ಇಲ್ಲಿಗೂ ಇನ್ನೊಂದು ನಂಟಿದೆ: ನೆಗ್ಗಿಲು. ಮಳೆ ಮುಗಿದ ಮೇಲೆ ಪಾವಗಡದ ಹೊಲದ ಬದುಗಳಲ್ಲಿ ಹಳದಿ ಹೂ ಬಿಟ್ಟು ನೆಲಕ್ಕಂಟಿ ಹಬ್ಬುವ ಈ ಬಳ್ಳಿ ಆಸ್ಟ್ರೇಲಿಯಾದ ಸೈಕಲ್ಲಿಗರಿಗೂ ಹಳೆಯ ವೈರಿ. ಕಾಯಿ ಒಣಗಿ ಐದು ಹೋಳಾಗುತ್ತದೆ. ಯಾವ ಹೋಳು ಹೇಗೆ ಬಿದ್ದರೂ ಒಂದು ಮುಳ್ಳು ಆಕಾಶ ನೋಡುತ್ತಿರುತ್ತದೆ. ಇದರ ಜತೆಗೆ ನಮ್ಮಲ್ಲಿ ಬಳ್ಳಾರಿ ಜಾಲಿ. ಹತ್ತೊಂಬತ್ತನೇ ಶತಮಾನದಲ್ಲಿ ಅಮೆರಿಕ ಖಂಡದಿಂದ ತಂದು ನೆಟ್ಟ ಗಿಡ ಈಗ ಕೆರೆಯಂಗಳಗಳನ್ನೇ ನುಂಗಿದೆ. ಬೇಲಿಗೆಂದು ರೈತರು ಕಡಿದೊಯ್ಯುವ ಜಾಲಿಯ ಕಂಟಿ ಬಂಡಿದಾರಿಯುದ್ದಕ್ಕೂ ಉದುರಿರುತ್ತದೆ. ನಗರದ ರಸ್ತೆಗೆ ಹೇಳಿ ಮಾಡಿಸಿದ 28 ಮಿಲಿಮೀಟರ್ ಟೈರಿಗೆ ಇಲ್ಲಿ ಅರ್ಧ ದಿನದ ಆಯಸ್ಸೂ ಇಲ್ಲ. 40ರಿಂದ 50 ಮಿಲಿಮೀಟರಿನ ಟ್ಯೂಬ್‌ಲೆಸ್ ಟೈರು, ಒಳಗೆ ಸೀಲೆಂಟ್ ದ್ರವ, ಗಾಳಿ 35 ಪಿಎಸ್‌ಐ ಆಸುಪಾಸು. ಚುಚ್ಚಿದ ಮುಳ್ಳನ್ನು ದಾರಿಯಲ್ಲಿ ಕೀಳಬೇಡಿ, ಸಂಜೆ ತಂಗಿದ ಮೇಲೆ ಕೀಳಿ ಎಂಬುದು ಬಲ್ಲವರ ಮಾತು. ಚೌಕಟ್ಟು ಉಕ್ಕಿನದಾದರೆ ಮೇಲು. ಮುರಿದರೆ ಹೋಬಳಿ ಊರಿನ ವೆಲ್ಡಿಂಗ್ ಅಂಗಡಿಯವನೂ ಬೆಸೆದು ಕೊಡುತ್ತಾನೆ. ಕಾರ್ಬನ್ ಚೌಕಟ್ಟಿಗೆ ಅಲ್ಲಿ ವೈದ್ಯರಿಲ್ಲ.

ದಾರಿ ದೊಡ್ಡಬಳ್ಳಾಪುರ, ಗೌರಿಬಿದನೂರಿನ ಮೇಲೆ. ಶಿಕ್ಷಣತಜ್ಞ ಎಚ್. ನರಸಿಂಹಯ್ಯ 1935ರಲ್ಲಿ ಓದುವ ಹಂಬಲಕ್ಕೆ ಎರಡು ದಿನ ನಡೆದು ಬಸವನಗುಡಿಯ ನ್ಯಾಷನಲ್ ಹೈಸ್ಕೂಲಿಗೆ ಬಂದದ್ದು ಗೌರಿಬಿದನೂರು ಸೀಮೆಯ ಹೊಸೂರಿನಿಂದ. ಅಲ್ಲಿಂದಾಚೆ ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಜಯಮಂಗಲಿ ಕೃಷ್ಣಮೃಗ ಧಾಮ. ಸದ್ದಿಲ್ಲದ ಸೈಕಲ್ಲಿನಿಂದ ಕೃಷ್ಣಮೃಗಗಳನ್ನು ನೋಡುವ ಭಾಗ್ಯ ಜೀಪಿನವರಿಗಿಲ್ಲ. ಪಾವಗಡ ತಾಲ್ಲೂಕಿನ ತಿರುಮಣಿ ಸುತ್ತ 13,000 ಎಕರೆಯಲ್ಲಿ ಹರಡಿದ 2,050 ಮೆಗಾವಾಟಿನ ಸೌರ ಪಾರ್ಕು. ಹಿಂದೆ ಹೊಲದಿಂದ ಹೊಲಕ್ಕೆ ಹೋಗುತ್ತಿದ್ದ ಎಷ್ಟೋ ಜಾಡುಗಳು ಅಲ್ಲೀಗ ತಂತಿಬೇಲಿಗೆ ಮುಗಿಯುತ್ತವೆ.

ನೀರಿನ ವಿಷಯದಲ್ಲಿ ಧಾರಾಳ ಬೇಡ. ನಾಲ್ಕೈದು ಲೀಟರ್ ಸೈಕಲ್ಲಿನ ಮೇಲೆಯೇ ಇರಬೇಕು. ಪಾವಗಡದ ಅಂತರ್ಜಲ ಫ್ಲೋರೈಡಿಗೆ ಹೆಸರಾಗಿದೆ. ಕೊಳವೆಬಾವಿಗೆ ಬಾಟಲಿ ಹಿಡಿಯುವ ಬದಲು ಊರಿನ ಶುದ್ಧ ನೀರಿನ ಘಟಕದಲ್ಲಿ ನಾಣ್ಯ ಹಾಕಿ ತುಂಬಿಸಿಕೊಳ್ಳುವುದು ಒಳ್ಳೆಯದು. ನವೆಂಬರಿನ ಕೊನೆಯಿಂದ ಜನವರಿವರೆಗೆ ಹವೆ ಹಿತ. ಆದರೂ ಅಕಾಲದ ಮಳೆ ಬಿದ್ದರೆ ಮಣ್ಣು ನೋಡಿ ದಾರಿ ಹಿಡಿಯಬೇಕು. ಪಾವಗಡದ ಮರಳುಮಿಶ್ರಿತ ಕೆಂಪು ನೆಲ ಕೆಲವೇ ಗಂಟೆಗಳಲ್ಲಿ ಗಟ್ಟಿಯಾಗುತ್ತದೆ. ಮೊಳಕಾಲ್ಮುರು ದಾಟಿ ಬಳ್ಳಾರಿಯ ಎರೆ ಸೀಮೆ ಹಾಗಲ್ಲ. ಹಸಿ ಎರೆ ಚಕ್ರಕ್ಕೆ ಅಂಟಿ, ಫೋರ್ಕಿಗೆ ಮೆತ್ತಿ, ಹತ್ತು ಮಾರು ಹೋಗುವುದರೊಳಗೆ ಸೈಕಲ್ಲನ್ನು ಹೆಗಲಿಗೇರಿಸುತ್ತದೆ. ಅಂಥ ದಿನ ಮೊಳಕಾಲ್ಮುರಿನಲ್ಲೇ ತಂಗಿ, ಸಿದ್ದಾಪುರದ ಬಳಿ ಬ್ರಹ್ಮಗಿರಿಯ ಅಶೋಕ ಶಾಸನ ನೋಡಿಕೊಂಡು ಬರುವುದೇ ಜಾಣತನ.

ಈ ಸೀಮೆಯ ಮನೋಹರ ಭಾಗ ಚಳ್ಳಕೆರೆಯ ಅಮೃತಮಹಲ್ ಕಾವಲುಗಳು. ಕಣ್ಣು ಹಾಯುವಷ್ಟೂ ಹುಲ್ಲು, ಕುರಿಮಂದೆ, ಮೇಲೆ ತೇಲುವ ಹದ್ದು. ಮೈಸೂರು ಅರಸರ ಕಾಲದಿಂದ ದನಗಳಿಗೆಂದು ಕಾಪಾಡಿಕೊಂಡು ಬಂದ ಈ ನೆಲದಲ್ಲಿ ಸಾವಿರಾರು ಎಕರೆ ಡಿಆರ್‌ಡಿಒ, ಭಾರತೀಯ ವಿಜ್ಞಾನ ಸಂಸ್ಥೆ, ಇಸ್ರೋ, ಭಾಭಾ ಅಣು ಸಂಶೋಧನಾ ಕೇಂದ್ರಗಳಿಗೆ ಹೋಯಿತು. ಗೋಡೆಗಳೆದ್ದಾಗ ಕುರಿಗಾಹಿಗಳು ಹಸಿರು ನ್ಯಾಯಮಂಡಳಿಯವರೆಗೆ ದೂರು ಒಯ್ಯಬೇಕಾಯಿತು. ಮೊಬೈಲ್ ನಕ್ಷೆ ತೋರಿಸುವ ದಾರಿ ಎದುರಿನ ಗೋಡೆಗೆ ಬಂದು ನಿಂತಾಗ ದಿಕ್ಕು ಹೇಳುವವರು ಆ ಕುರಿಗಾಹಿಗಳೇ. ಇಳಿದು ನಮಸ್ಕಾರ ಹೇಳಿ ಕೇಳಬೇಕು.

ಒಬ್ಬರೇ ಹೋಗುವವರು ಮನೆಯಲ್ಲಿ ಪ್ರತಿದಿನದ ತಂಗುವ ಊರಿನ ಪಟ್ಟಿ ಬಿಟ್ಟು ಹೋಗಲಿ. ಕಂದಾಯ ಇಲಾಖೆಯ ಗ್ರಾಮನಕ್ಷೆಗಳಲ್ಲಿ ಬಂಡಿದಾರಿ, ಕಾಲುದಾರಿಗಳ ಗುರುತಿರುತ್ತದೆ. ಹೊರಡುವ ಮುನ್ನ ಅವನ್ನು ತೆರೆದು ನೋಡಲಿ. ಕಾವಲಿನೊಳಗೆ ಆ ದಾರಿಗಳನ್ನು ಬಿಟ್ಟು ಹುಲ್ಲಿನ ಮೇಲೆ ಚಕ್ರ ಹಾಯಿಸದಿರಲಿ. ನೆಲದ ಮೇಲೆ ಗೂಡು ಮಾಡುವ ಹಕ್ಕಿಗಳಿಗೆ ಆ ಹುಲ್ಲೇ ಆಸರೆ.