ಕೀಟನ್ ಚಿತ್ರ ನೋಡುವ ಬಗೆ

ಮೂಕಿ ಚಿತ್ರದ ಹಾಸ್ಯವೆಂದರೆ ಬೀಳುವುದು, ಏಳುವುದು, ಹಲ್ಲು ಕಿಸಿಯುವುದು ಎಂದುಕೊಂಡು ‘ದ ಜನರಲ್’ (1926) ನೋಡಲು ಕೂತವರು ಮೊದಮೊದಲು ತಬ್ಬಿಬ್ಬಾಗಬಹುದು. ನಾಯಕ ಬಸ್ಟರ್ ಕೀಟನ್ ನಗುವುದಿಲ್ಲ; ಅವರ ಮುಖದ ಸಮೀಪಕ್ಕೆ ಕ್ಯಾಮೆರಾ ಹೋಗುವುದೂ ಅಪರೂಪ. ಆದ್ದರಿಂದ ಹೊಸ ರಸಿಕರಿಗೆ ಮೊದಲ ಪಾಠವಿದು: ಕಣ್ಣು ನಟನ ಮುಖದಲ್ಲೇ ನೆಡದೆ ಇಡೀ ಚೌಕಟ್ಟಿನಲ್ಲಿ ಓಡಾಡಲಿ. ಕ್ಲೈಡ್ ಬ್ರಕ್‌ಮನ್ ಜೊತೆಗೂಡಿ ಕೀಟನ್ ನಿರ್ದೇಶಿಸಿದ ಈ ಚಿತ್ರದ ಹಾಸ್ಯ ಹುಟ್ಟುವುದು ಮನುಷ್ಯನಿಗೂ ಅವನ ಸುತ್ತಲಿನ ಜಗತ್ತಿಗೂ ತಾಳ ತಪ್ಪುವಲ್ಲಿ. ಎರಡನ್ನೂ ಒಟ್ಟಿಗೆ ಕಂಡವರಿಗೇ ಅದು ದಕ್ಕುವುದು.

ಕಥೆ 1862ರ ಅಮೆರಿಕದ ಅಂತರ್ಯುದ್ಧದ ಒಂದು ನೈಜ ಘಟನೆಯಿಂದ ಹುಟ್ಟಿದ್ದು. ಉತ್ತರದ ಗೂಢಚಾರರು ಕದ್ದೊಯ್ದ ತನ್ನ ರೈಲು ಎಂಜಿನನ್ನು ದಕ್ಷಿಣದ ಚಾಲಕ ಜಾನಿ ಗ್ರೇ ಬೆನ್ನಟ್ಟುತ್ತಾನೆ. ಓಡುವ ರೈಲಿನಲ್ಲಿ ಅವನು ತಲೆ ತಗ್ಗಿಸಿ ಸೌದೆ ಕಡಿಯುತ್ತಿದ್ದರೆ, ಬೆನ್ನ ಹಿಂದೆ ಅವನದೇ ಪಕ್ಷದ ಸೈನ್ಯ ಹಿಮ್ಮೆಟ್ಟಿ, ಶತ್ರುಸೈನ್ಯ ಮುನ್ನುಗ್ಗುತ್ತದೆ. ಮುಖವೊಂದನ್ನೇ ತೋರಿಸಿದ್ದರೆ ಇಲ್ಲಿ ನಗೆಯೇ ಹುಟ್ಟುತ್ತಿರಲಿಲ್ಲ. ಮುಂದಿನ ರೈಲಿಗೆ ಗುರಿಯಿಟ್ಟ ಫಿರಂಗಿ ಕುಲುಕಾಟಕ್ಕೆ ಬಾಗಿ ಜಾನಿಯತ್ತಲೇ ತಿರುಗುತ್ತದೆ. ಅಷ್ಟರಲ್ಲಿ ಹಳಿ ಹೊರಳಿ, ಗುಂಡು ಅವನನ್ನು ತಪ್ಪಿಸಿ ಶತ್ರುಗಳ ಬಳಿ ಸಿಡಿಯುತ್ತದೆ. ಅವನನ್ನು ಉಳಿಸಿದ್ದು ಜಾಣ್ಮೆಯಲ್ಲ, ಹಳಿಯ ತಿರುವು. ಸೇತುವೆ ಕುಸಿಯುವ ದೃಶ್ಯಕ್ಕಾಗಿ ಆರೆಗಾನ್‌ನ ಕಾಟೇಜ್ ಗ್ರೋವ್ ಬಳಿ ನಿಜವಾದ ಎಂಜಿನನ್ನೇ ನದಿಗೆ ಬೀಳಿಸಿದರು. ಯಂತ್ರದ ಭಾರ ನಿಜವೆಂದು ಕಣ್ಣು ನಂಬಿದಾಗಲೇ ಅದರೆದುರಿನ ಪುಟ್ಟ ಮನುಷ್ಯನ ಪಾಡಿಗೆ ಬೆಲೆ.

ಭಾವವಿಲ್ಲದ ಈ ಮುಖ ನಮ್ಮನ್ನು ದೂರವಿಡುವುದಿಲ್ಲವೇ ಎಂದು ಕೇಳಬಹುದು. ಪ್ರೇಯಸಿಯಿಂದ ತಿರಸ್ಕೃತನಾದ ಜಾನಿ ಎಂಜಿನ್ನಿನ ಚಕ್ರಗಳನ್ನು ಬೆಸೆಯುವ ಸಲಾಕೆಯ ಮೇಲೆ ಕೂತಿರುವಾಗ ಎಂಜಿನ್ ಹೊರಡುತ್ತದೆ. ಮೇಲೇರಿ ಕೆಳಗಿಳಿಯುತ್ತಿದ್ದರೂ ಅವನಿಗೆ ಅರಿವಿಲ್ಲ. ಅವನ ದುಃಖ ಎಷ್ಟು ಆಳವೆಂಬುದನ್ನು ಆ ಮರೆವೇ ಹೇಳುತ್ತದೆ, ಕಣ್ಣೀರಿನ ಹಂಗಿಲ್ಲ. ಇನ್ನೊಂದು ಆಕ್ಷೇಪ ಹೆಚ್ಚು ಗಂಭೀರ: ನಾಯಕ ಗುಲಾಮಗಿರಿಯನ್ನು ಉಳಿಸಿಕೊಳ್ಳಲು ಹೋರಾಡಿದ ದಕ್ಷಿಣದವನು, ಚಿತ್ರ ಆ ಬಗ್ಗೆ ಮಾತೇ ಎತ್ತುವುದಿಲ್ಲ. ಈ ಕೊರತೆ ನಿಜ. ಕಲೆಯ ಹೆಸರಿನಲ್ಲಿ ಅದನ್ನು ಮುಚ್ಚಿಡಬಾರದು. ಶಿಲ್ಪವನ್ನು ಮೆಚ್ಚುತ್ತಲೇ ಮೌನವನ್ನು ಗುರುತಿಸುವುದೂ ರಸಿಕತೆಯೇ.

ಉತ್ತರಾರ್ಧದಲ್ಲಿ ಬೆನ್ನಟ್ಟಿದವನನ್ನೇ ಶತ್ರುಗಳು ಬೆನ್ನಟ್ಟುತ್ತಾರೆ. ಮೊದಲು ಕಂಡ ಯಾವ ತಂತ್ರ ಹೇಗೆ ತಿರುಗಿ ಬಂತೆಂದು ಗಮನಿಸಿ. ಮೊಬೈಲಿನಲ್ಲಿ ಮಾತ್ರ ನೋಡಬೇಡಿ. ಚೌಕಟ್ಟಿನ ಮೂಲೆಮೂಲೆಯೂ ಕಾಣುವಷ್ಟು ದೊಡ್ಡ ಪರದೆಯನ್ನು ಈ ಚಿತ್ರಕ್ಕೆ ಕೊಡಿ.