ಮುಪ್ಪಿಗೆ ಬೇಕಾದದ್ದು ಮಕ್ಕಳಿಗೆ ಬುದ್ಧಿಮಾತಲ್ಲ

ಅಕ್ಟೋಬರ್ 1ರ ಹಿರಿಯ ನಾಗರಿಕರ ದಿನದ ಸಭೆಗಳಲ್ಲಿ ಪ್ರತಿವರ್ಷ ಕೇಳಿಸುವುದು ಹೆಚ್ಚುಕಡಿಮೆ ಒಂದೇ ಭಾಷಣ. ಅವಿಭಕ್ತ ಕುಟುಂಬ ಒಡೆಯಿತು, ಸೊಸೆಯಂದಿರಿಗೆ ಅತ್ತೆ ಮಾವ ಬೇಡವಾದರು, ನಾಲ್ಕಕ್ಷರ ಕಲಿತ ಮಕ್ಕಳು ಊರು ಮರೆತರು, ಸಂಸ್ಕಾರ ಹೋಯಿತು. ಪತ್ರಿಕೆಗಳ ಅಂಕಣಗಳಲ್ಲೂ ವಾಟ್ಸ್‌ಆ್ಯಪ್‌ನಲ್ಲಿ ಓಡಾಡುವ ಕಣ್ಣೀರಿನ ಕಥೆಗಳಲ್ಲೂ ತೀರ್ಮಾನ ಇದೇ. ಆಸ್ತಿಯುಳ್ಳ, ಮಕ್ಕಳು ದೂರದೇಶದಲ್ಲಿರುವ ಮನೆಗಳ ಮಟ್ಟಿಗೆ ಇದರಲ್ಲಿ ನಿಜವಿದ್ದೀತು. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ತಾಲ್ಲೂಕುಗಳ ಬಡವರ ಕೇರಿಗಳಿಗೂ ಇದನ್ನೇ ಅನ್ವಯಿಸುವುದನ್ನು ನಾನು ಒಪ್ಪಲಾರೆ. ಸರ್ಕಾರ ಮತ್ತು ಊರು ಸೇರಿ ಹೊರಬೇಕಾದ ಹೊಣೆಯನ್ನು ಈ ಮಾತು ಬೆಂಗಳೂರಿನ ಗಾರ್ಮೆಂಟ್ಸ್‌ನಲ್ಲಿ ದುಡಿಯುತ್ತಿರುವ ಸೊಸೆಯೊಬ್ಬಳ ತಲೆಗೆ ಕಟ್ಟುತ್ತದೆ.

ಮೊದಲು ನೆಲದ ಕಥೆ ನೋಡಬೇಕು. ಇದು ಮಳೆ ಕೈಕೊಡುವ ಸೀಮೆ. ಹಿರಿಯೂರಿನ ಬಳಿ ವೇದಾವತಿಗೆ ಕಟ್ಟಿದ ವಾಣಿವಿಲಾಸ ಸಾಗರ 1907ರಲ್ಲಿ ಪೂರ್ಣಗೊಂಡಿತು. 1933ರಲ್ಲಿ ಕೋಡಿ ಬಿದ್ದ ಆ ಜಲಾಶಯ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ನಡುವೆ 89 ವರ್ಷ. ಇಂದು ಈ ಹಳ್ಳಿಗಳ ಜಗಲಿಯ ಮೇಲೆ ಕೂತಿರುವ ಅಜ್ಜ ಅಜ್ಜಿಯರು ತಮ್ಮ ದುಡಿಮೆಯ ಕಾಲವನ್ನೆಲ್ಲ ಕಳೆದದ್ದು ಆ ಅಂತರದೊಳಗೆ. ಅವರ ಕಣ್ಣೆದುರಿಗೇ ಬಾವಿ ಬತ್ತಿತು, ಕೊಳವೆಬಾವಿ ಬಂತು, ಅದೂ ಆಳಕ್ಕಿಳಿಯುತ್ತ ಹೋಯಿತು. ಸಾಲ ಮಾಡಿ ಟ್ಯಾಂಕರ್ ನೀರು ಹಾಯಿಸಿದರೂ ತೆಂಗು ಅಡಿಕೆ ಒಣಗಿದ ವರ್ಷಗಳಿವೆ. ಆಳದಿಂದ ಬಂದ ನೀರಿನಲ್ಲಿ ಅನೇಕ ಕಡೆ ಫ್ಲೋರೈಡ್ ಇತ್ತು. ದಶಕಗಳ ಕಾಲ ಅಂಥ ನೀರು ಕುಡಿದ ಮೈಯಲ್ಲಿ ಕೀಲುಗಳು ಬಿಗಿಯುತ್ತವೆ, ಬೆನ್ನು ಬಾಗುತ್ತದೆ. ಸರ್ಕಾರದ ಲೆಕ್ಕದಲ್ಲಿ ಮುಪ್ಪು ಅರವತ್ತಕ್ಕೆ ಶುರುವಾಗುತ್ತದೆ. ಕೂಲಿ ಮಾಡಿದವರ ಮೈಗೆ ಅದು ಬಹಳ ಮುಂಚೆಯೇ ಬಂದಿರುತ್ತದೆ.

ಮಕ್ಕಳು ಊರು ಬಿಟ್ಟದ್ದು ಈ ನೆಲದಿಂದ. ಹೆದ್ದಾರಿ ಹಿಡಿದು ಬೆಂಗಳೂರಿಗೆ ಹೋದರು, ಮಲೆನಾಡಿನ ತೋಟಗಳ ಕೂಲಿಗೆ ಹೋದರು. ಒಂದೇ ಕೋಣೆಯ ಬಾಡಿಗೆ ಮನೆ ಅಥವಾ ಕಟ್ಟಡದ ಕೆಲಸದ ಜಾಗದ ತಗಡಿನ ಶೆಡ್ಡಿಗೆ ಎಪ್ಪತ್ತು ದಾಟಿದ ತಾಯಿಯನ್ನು ಕರೆದೊಯ್ಯದವನನ್ನು ಊರು ಮರೆತವನು ಎನ್ನುವುದು ಹೇಗೆ? ಅವನು ತನ್ನ ಮಕ್ಕಳನ್ನೂ ಆ ತಾಯಿಯ ಬಳಿಯೇ ಬಿಟ್ಟು ಹೋಗಿರುತ್ತಾನೆ. ಇದನ್ನು ಭಾಷಣಗಳು ಗಮನಿಸುವುದೇ ಇಲ್ಲ. ಊರಲ್ಲಿ ಉಳಿದ ಮುದುಕಿ ಮೊಮ್ಮಕ್ಕಳನ್ನು ಶಾಲೆಗೆ ಕಳಿಸುತ್ತಾಳೆ, ಎರಡು ಮೇಕೆ ಕಾಯುತ್ತಾಳೆ, ಕೊಯ್ಲಿನ ಕಾಲದಲ್ಲಿ ಹೊಳಲ್ಕೆರೆ ಕಡೆಯಾದರೆ ಅಡಿಕೆ ಸುಲಿಯಲು ಕೂರುತ್ತಾಳೆ. ಅವಳನ್ನು ನೋಡಿಕೊಳ್ಳುವವರು ಯಾರು ಎಂದು ಕೇಳುವ ನಾವು, ಅವಳು ಎಷ್ಟು ಜನರನ್ನು ನೋಡಿಕೊಳ್ಳುತ್ತಿದ್ದಾಳೆ ಎಂದೂ ಕೇಳಬೇಕು.

‘ಹಿಂದೆ ಹೀಗಿರಲಿಲ್ಲ’ ಎಂಬ ಮಾತನ್ನೂ ಪರೀಕ್ಷಿಸಬೇಕು. ಯಾರ ಹಿಂದಿನ ಕಾಲ ಅದು? ಹತ್ತು ಎಕರೆ ತರಿ, ಕಣಜ, ಎತ್ತು ಇದ್ದ ಮನೆಯಲ್ಲಿ ಯಜಮಾನನ ಮಾತು ಸಾಯುವವರೆಗೂ ನಡೆಯುತ್ತಿತ್ತು, ನಿಜ. ಹೊಲವೂ ಕಣಜವೂ ಅವನ ಕೈಯಲ್ಲಿದ್ದುವು. ಅದೇ ಮನೆಯಲ್ಲಿ ಜೀತಕ್ಕಿದ್ದವನಿಗೆ ಯಾವ ಅವಿಭಕ್ತ ಕುಟುಂಬವಿತ್ತು? ಜೀತವನ್ನು ಕಾನೂನು ರದ್ದು ಮಾಡಿದ್ದು 1976ರಲ್ಲಿ. ಆಗ ಇಪ್ಪತ್ತರ ಹರೆಯದಲ್ಲಿದ್ದವರು ಈಗ ಎಪ್ಪತ್ತು ದಾಟಿದ್ದಾರೆ. ಬಡವರಿಗೆ ನೆಮ್ಮದಿಯ ಮುಪ್ಪು ಇದ್ದು ಆಮೇಲೆ ಕಳೆದುಹೋದದ್ದಲ್ಲ. ಅದು ಅವರಿಗೆ ಎಂದೂ ಸಿಕ್ಕಿರಲಿಲ್ಲ.

ಈ ತಪ್ಪು ತಿಳಿವಳಿಕೆ ಸಭೆಯ ಮಾತಾಗಿಯೇ ಉಳಿದಿದ್ದರೆ ಇಷ್ಟು ಬರೆಯುವ ಅಗತ್ಯವಿರಲಿಲ್ಲ. ಅದು ಕಾನೂನಿನೊಳಕ್ಕೂ ಇಳಿದಿದೆ. ತಂದೆತಾಯಿಯರ ಮತ್ತು ಹಿರಿಯ ನಾಗರಿಕರ ಪೋಷಣೆಗಾಗಿ ಬಂದ 2007ರ ಕಾಯ್ದೆ ಮಕ್ಕಳಿಂದ ತಿಂಗಳಿಗೆ 10,000 ರೂಪಾಯಿವರೆಗೆ ಜೀವನಾಂಶ ಕೊಡಿಸಬಹುದು ಎನ್ನುತ್ತದೆ. ನೋಡಿಕೊಳ್ಳುವ ಷರತ್ತಿನ ಮೇಲೆ ಬರೆದುಕೊಟ್ಟ ಆಸ್ತಿಯನ್ನು, ಷರತ್ತು ಮುರಿದರೆ, 23ನೇ ಕಲಮಿನಡಿ ಹಿಂಪಡೆಯಬಹುದು. 2025ರಲ್ಲಿ ಬೆಳಗಾವಿಯ ವೈದ್ಯಕೀಯ ವಿಜ್ಞಾನ ಸಂಸ್ಥೆಯ ಆಸ್ಪತ್ರೆಯಲ್ಲಿ ಹಿರಿಯರನ್ನು ಬಿಟ್ಟುಹೋಗುತ್ತಿರುವುದು ಸುದ್ದಿಯಾದಾಗ ಸಚಿವ ಶರಣಪ್ರಕಾಶ ಪಾಟೀಲರು ಮುಂದಿಟ್ಟದ್ದೂ ಇದೇ ದಾರಿ: ಅಂಥ ಮಕ್ಕಳ ಹೆಸರಿಗಾದ ಆಸ್ತಿ ವರ್ಗಾವಣೆಯನ್ನು ರದ್ದು ಮಾಡಿಸುವುದು. ದಾನಪತ್ರ ಬರೆಸಿಕೊಂಡು ಅಪ್ಪನನ್ನು ಹೊರಹಾಕಿದ ಮಗನಿಗೆ ಇದು ತಕ್ಕ ಉತ್ತರ, ಕಾಯ್ದೆ ಬೇಡ ಎಂದು ನಾನು ಹೇಳುತ್ತಿಲ್ಲ. ಆದರೆ ರದ್ದು ಮಾಡಿಸಲು ಆಸ್ತಿಯೇ ಇಲ್ಲದವಳು ಏನು ಮಾಡಬೇಕು? ಅವಳ ಹೆಸರಿನಲ್ಲಿರುವುದು ಒಂದು ಜನತಾ ಮನೆ. ಮಗನ ವಿರುದ್ಧ ಅರ್ಜಿ ಕೊಡಬೇಕಾದರೆ ಉಪವಿಭಾಗಾಧಿಕಾರಿಯ ಮುಂದೆ, ಚಿತ್ರದುರ್ಗಕ್ಕೆ ಬರಬೇಕು. ಹೊಸದುರ್ಗದ ಮೂಲೆಯ ಹಟ್ಟಿಯೊಂದರಿಂದ ಅದು ಇಡೀ ದಿನದ ಪಯಣ. ಬಂದು ಗೆದ್ದರೂ ಆದೇಶವಾಗುವುದು ಕೂಲಿಯ ಮಗನ ಮೇಲೆ.

ನಮ್ಮ ಜಿಲ್ಲೆಯಲ್ಲೇ ಇನ್ನೊಂದು ದಾರಿಯೂ ಇದೆ. ಸಿರಿಗೆರೆಯ ತರಳಬಾಳು ಬೃಹನ್ಮಠದ ಸದ್ಧರ್ಮ ನ್ಯಾಯಪೀಠದಲ್ಲಿ ಸೋಮವಾರಗಳಂದು ಜಮೀನು, ಪಾಲು, ಕುಟುಂಬದ ವ್ಯಾಜ್ಯಗಳ ವಿಚಾರಣೆ ನಡೆಯುತ್ತದೆ. ಗುರುಗಳ ಎದುರು ನಿಂತಾಗ ಕೋರ್ಟಿನ ನೋಟಿಸಿಗೆ ಬಗ್ಗದವರೂ ಬಗ್ಗುತ್ತಾರೆ. ಈ ನೈತಿಕ ಅಧಿಕಾರ ದೊಡ್ಡದು, ಅದನ್ನು ಗೌರವಿಸುತ್ತೇನೆ. ಆದರೆ ಅದೂ ಹಂಚಲು ಏನಾದರೂ ಇರುವ ಮನೆಗಳಲ್ಲಿ ಫಲಿಸುವ ಉಪಾಯ. ಹಂಚಲು ಹಸಿವೊಂದೇ ಇರುವ ಮನೆಯಲ್ಲಿ ಯಾವ ಗುರುವಾದರೂ ಏನೆಂದು ತೀರ್ಪು ಕೊಟ್ಟಾರು?

ಇನ್ನು ವೃದ್ಧಾಶ್ರಮ. ಜಿಲ್ಲೆಗೊಂದು, 150 ಜನಕ್ಕೆ ಸಾಲುವಂಥ ಆಶ್ರಮ ಇರಬೇಕೆಂಬುದು ಅದೇ 2007ರ ಕಾಯ್ದೆಯ ಆಶಯ. ದಾನಿಗಳ ಒಲವೂ ಅತ್ತಲೇ. ಯಾರೂ ಇಲ್ಲದವರಿಗೆ, ಹಾಸಿಗೆ ಹಿಡಿದವರಿಗೆ ಅದು ಬೇಕೇ ಬೇಕು. ಆದರೆ ಆರು ತಾಲ್ಲೂಕಿನ ಜಿಲ್ಲೆಗೆ 150 ಹಾಸಿಗೆ ಎಷ್ಟರದು? ಮೇಲಾಗಿ ಈ ಹಳ್ಳಿಗಳ ಹಿರಿಯರು ಆಶ್ರಮ ಕೇಳುತ್ತಿಲ್ಲ. ಅವರಿಗೆ ತಮ್ಮ ಕೇರಿ ಬೇಕು, ಮಾತಿಗೆ ಸಿಗುವ ನೆರೆಯವಳು ಬೇಕು, ಮೇಕೆ ಬೇಕು, ಸತ್ತರೆ ಗಂಡನನ್ನು ಮಣ್ಣು ಮಾಡಿದ ಕಡೆಯೇ ಮಣ್ಣಾಗಬೇಕು. ಹೊಟ್ಟೆಗಿಲ್ಲವೆಂಬ ಒಂದೇ ಕಾರಣಕ್ಕೆ ಒಬ್ಬರನ್ನು ಊರಿನಿಂದ ಎತ್ತಿ ಪಟ್ಟಣದ ಕೋಣೆಯಲ್ಲಿ ಇಡುವುದನ್ನು ಸೇವೆ ಎನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ.

ಹಾಗಾದರೆ ಬೇಕಾದದ್ದೇನು? ಮೊದಲನೆಯದು ಅವರದೇ ಕೈಗೆ ಸಿಗುವ ಹಣ. ನಿವೃತ್ತ ಮೇಷ್ಟ್ರ ಪಿಂಚಣಿ ಬರುವ ಮನೆಯಲ್ಲಿ ಅವರಿಗೆ ಬಿಸಿ ಕಾಫಿ ಸಿಗುವುದನ್ನು ನಾವೆಲ್ಲ ನೋಡಿದ್ದೇವೆ. ಅಲ್ಲಿ ಯಾರೂ ಸಂಸ್ಕಾರದ ಪ್ರಶ್ನೆ ಎತ್ತುವುದಿಲ್ಲ. ಕೂಲಿಯವರಿಗೆ ಸಿಗುವುದೆಷ್ಟು? ಸಂಧ್ಯಾ ಸುರಕ್ಷಾ ಯೋಜನೆ 2007ರಲ್ಲಿ ತಿಂಗಳಿಗೆ 400 ರೂಪಾಯಿಯಿಂದ ಶುರುವಾಯಿತು, ಈಗ 1,200. ಉದ್ಯೋಗ ಖಾತ್ರಿಯಲ್ಲಿ 2025-26ಕ್ಕೆ ರಾಜ್ಯಕ್ಕೆ ಗೊತ್ತುಪಡಿಸಿದ ದಿನಗೂಲಿ 370 ರೂಪಾಯಿ. ಅಂದರೆ ಮೂರು ದಿನದ ಕೂಲಿಗಿಂತ ತುಸು ಹೆಚ್ಚು ಹಣದಲ್ಲಿ ಮುಪ್ಪಿನ ಒಂದು ತಿಂಗಳು ಕಳೆಯಬೇಕು. ಕೇಂದ್ರದ ವೃದ್ಧಾಪ್ಯ ವೇತನ 2007ರಲ್ಲಿ ಇಂದಿರಾ ಗಾಂಧಿಯವರ ಹೆಸರು ಪಡೆದಾಗ ಅದರಲ್ಲಿ ಕೇಂದ್ರದ ಪಾಲು 200 ರೂಪಾಯಿ ಇತ್ತು. 80 ದಾಟಿದವರಿಗೆ ಅದನ್ನು 500 ಮಾಡಿದರು. ಉಳಿದವರಿಗೆ ಇಂದಿಗೂ 200. ಈ ನಡುವೆ ಬೇಳೆಯ ಬೆಲೆ, ಎಣ್ಣೆಯ ಬೆಲೆ, ಬಿಪಿ ಮಾತ್ರೆಯ ಬೆಲೆ ಎಲ್ಲಿಗೆ ಹೋಗಿದೆ ಎಂದು ಯಾರಿಗೂ ಹೇಳಬೇಕಾಗಿಲ್ಲ.

ಹಿರಿಯೂರು ತಾಲ್ಲೂಕಿನ ಧರ್ಮಪುರದಿಂದ ಪೂರ್ವಕ್ಕೆ ಹೊರಟರೆ ಆಂಧ್ರದ ಗಡಿ. ಆಚೆಗೆ ಅಮರಾಪುರ, ಮಡಕಶಿರಾ. ಕನ್ನಡ ಮಾತಾಡುವ ಜನ ಅಲ್ಲೂ ಇದ್ದಾರೆ. ನೆಲವೂ ಇಂಥದೇ, ಶೇಂಗಾ ಬೆಳೆಯುವ ಒಣಭೂಮಿ. ನೆಂಟಸ್ತಿಕೆ ಗಡಿಯ ಎರಡೂ ಕಡೆ ಹರಡಿದೆ. ಆಚೆಯ ಅಜ್ಜಿಗೆ 2024ರ ಜುಲೈಯಿಂದ ತಿಂಗಳಿಗೆ 4,000 ರೂಪಾಯಿ ಪಿಂಚಣಿ. ತಿಂಗಳ ಆರಂಭದಲ್ಲೇ ಗ್ರಾಮ ಸಚಿವಾಲಯದ ಸಿಬ್ಬಂದಿ ಮನೆಗೇ ಬಂದು ಕೊಡುತ್ತಾರೆ. ಈಚೆಯ ಅಜ್ಜಿಗೆ 1,200. ಅವಳ ಮಕ್ಕಳು ಇವಳ ಮಕ್ಕಳಿಗಿಂತ ಮೂರು ಪಟ್ಟು ಒಳ್ಳೆಯವರಲ್ಲ. ವ್ಯತ್ಯಾಸ ಇರುವುದು ಎರಡು ಸರ್ಕಾರಗಳ ಬಜೆಟ್ಟಿನಲ್ಲಿ. ಆಂಧ್ರದ ಬೊಕ್ಕಸಕ್ಕೆ ಅದು ಭಾರ ಎಂಬ ವಾದ ಇದೆ. ಇರಲಿ. ಯಾವ ಭಾರವನ್ನು ಹೊರುವುದು, ಯಾವುದನ್ನು ಇಳಿಸುವುದು ಎಂಬುದನ್ನು ಪ್ರತಿ ಸರ್ಕಾರವೂ ಆರಿಸಿಕೊಳ್ಳುತ್ತದೆ.

ಕರ್ನಾಟಕದಲ್ಲೂ ಹಣದ ಬಲ ಏನೆಂಬುದು ಕಂಡಿದೆ. 2023ರ ಆಗಸ್ಟ್‌ನಲ್ಲಿ ಗೃಹಲಕ್ಷ್ಮಿ ಶುರುವಾಗುವ ಮೊದಲು ಎದ್ದ ಚರ್ಚೆ ಎಲ್ಲರಿಗೂ ನೆನಪಿದೆ: 2,000 ರೂಪಾಯಿ ಅತ್ತೆಗೋ, ಸೊಸೆಗೋ? ರೇಷನ್ ಕಾರ್ಡಿನಲ್ಲಿ ಯಜಮಾನಿ ಯಾರೋ ಅವರಿಗೆ ಎಂದಾಯಿತು. ಅತ್ತೆ ಸೊಸೆಯರ ನಡುವೆ ಜಗಳ ಹಚ್ಚಿದರು ಎಂದು ಕೆಲವರು ದೂರಿದರು. ನನಗೆ ಕಂಡದ್ದು ಬೇರೆ. ಜೀವಮಾನದಲ್ಲಿ ಬ್ಯಾಂಕಿನ ಮೆಟ್ಟಿಲು ಹತ್ತದ ಮುದುಕಿಯ ಖಾತೆಗೆ ಅವಳದೇ ಹಣ ಬಿತ್ತು. ಕಾರ್ಡು ಯಾರ ಹೆಸರಿನಲ್ಲಿರಬೇಕು ಎಂದು ಅವಳನ್ನು ಕೇಳುವಂತಾಯಿತು. ಒಂಟಿ ಮುದುಕನಿಗೆ ಇದರಿಂದ ಏನೂ ಸಿಗಲಿಲ್ಲ, ಅದು ಯೋಜನೆಯ ಕೊರತೆ.

ಕುಡುಕ ಮಗ ಪಿಂಚಣಿ ಕಿತ್ತುಕೊಳ್ಳುತ್ತಾನೆ, ಹಣ ಹೆಚ್ಚಿಸಿ ಏನು ಪ್ರಯೋಜನ ಎನ್ನುವವರಿದ್ದಾರೆ. ಕಿತ್ತುಕೊಳ್ಳುವವರು ಇದ್ದಾರೆ, ತಾಯಿಗೆ ಕೈ ಮಾಡುವವರೂ ಇದ್ದಾರೆ. ಅಂಥವರ ಮೇಲೆ ಪೊಲೀಸರು ಬರಲಿ, 14567 ಸಹಾಯವಾಣಿಗೆ ನೆರೆಯವರೇ ಕರೆ ಮಾಡಲಿ. ಆದರೆ ಸಂಬಳ ಕಿತ್ತುಕೊಳ್ಳುವ ಗಂಡಂದಿರಿದ್ದಾರೆಂದು ಯಾರೂ ಹೆಂಗಸರ ಕೂಲಿ ಇಳಿಸಿ ಎನ್ನುವುದಿಲ್ಲ. ಮುದುಕರ ವಿಷಯದಲ್ಲಿ ಮಾತ್ರ ಈ ತರ್ಕ ಸಲೀಸಾಗಿ ಬರುತ್ತದೆ. ಅವರ ಹಣವನ್ನು ಹಕ್ಕೆಂದು ಕಾಣದೆ ಕೃಪೆಯೆಂದು ಕಂಡರೆ ಹೀಗಾಗುತ್ತದೆ.

ಇರುವ 1,200 ಕೈ ಸೇರುವುದೂ ಸುಲಭವಿಲ್ಲ. ಕಳೆ ಕಿತ್ತು, ಅಡಿಕೆ ಸುಲಿದು ಬೆರಳಿನ ಗೆರೆ ಸವೆದವರಿಗೆ ‘ತಂಬ್ ಬರ್ತಿಲ್ಲಜ್ಜಿ, ನಾಳೆ ಬಾ’ ಎಂಬ ಮಾತು ಹೊಸದಲ್ಲ. ಆಧಾರ್ ಕಾರ್ಡಿನಲ್ಲಿ ಹುಟ್ಟಿದ ವರ್ಷ ಅಂದಾಜಿನ ಮೇಲೆ ಬರೆದದ್ದು. ಅದರಿಂದ ವಯಸ್ಸು ಐದು ವರ್ಷ ಕಡಿಮೆ ಬಿದ್ದಿದ್ದರೆ ಐದು ವರ್ಷದ ಪಿಂಚಣಿ ಹೋಯಿತು. ಖಾತೆಗೆ ಆಧಾರ್ ಜೋಡಣೆ ತಪ್ಪಿದರೆ ಹಣ ನಿಲ್ಲುತ್ತದೆ, ಯಾಕೆ ನಿಂತಿತೆಂದು ಹೇಳುವವರಿಲ್ಲ. ಮನೆ ಬಾಗಿಲಿಗೆ ಮಾಸಾಶನ ತಲುಪಿಸುತ್ತೇವೆಂದು 2021ರಲ್ಲೂ, 155245ಕ್ಕೆ ಕರೆ ಮಾಡಿದರೆ 72 ಗಂಟೆಯಲ್ಲಿ ಮಂಜೂರು ಮಾಡುತ್ತೇವೆಂದು 2022ರಲ್ಲೂ ಕಂದಾಯ ಇಲಾಖೆ ಸಾರಿತ್ತು. ಒಳ್ಳೆಯ ಯೋಚನೆಗಳೇ. ಆದರೆ ಫೋನ್ ಇಲ್ಲದವಳು, ಕಿವಿ ಕೇಳಿಸದವನು ಯಾವ ಸಂಖ್ಯೆ ಒತ್ತಬೇಕು? ಊರಿನ ಆಶಾ ಕಾರ್ಯಕರ್ತೆಗೆ ಯಾವ ಮನೆಯಲ್ಲಿ ಯಾರು ಒಬ್ಬರೇ ಇದ್ದಾರೆ, ಯಾರು ಎರಡು ದಿನದಿಂದ ಹೊರಬಂದಿಲ್ಲ ಎಂಬುದು ಗೊತ್ತು. ಗ್ರಾಮ ಪಂಚಾಯಿತಿ ಅವರಿಂದ ಆ ಪಟ್ಟಿ ಪಡೆದು, ಆ ಕೆಲಸಕ್ಕೆ ಅವರಿಗೆ ಬೇರೆಯಾಗಿ ಗೌರವಧನ ಕೊಟ್ಟು, ಪಿಂಚಣಿ ನಿಂತವರ ಅರ್ಜಿಯನ್ನು ತಾನೇ ನಾಡಕಚೇರಿಗೆ ಮುಟ್ಟಿಸಬೇಕು.

ಎರಡನೆಯದು ಊಟ. ಅಂತ್ಯೋದಯ ಕಾರ್ಡಿಗೆ ತಿಂಗಳಿಗೆ 35 ಕಿಲೋ ಧಾನ್ಯ ಬರುತ್ತದೆ. ಒಂಟಿ ಜೀವಕ್ಕೆ ಅದು ಸಾಕು. ಇಲ್ಲದ್ದು ಸೌದೆ ತರುವ ಶಕ್ತಿ, ಮುದ್ದೆ ತೊಳಸುವ ತೋಳು. ತಮಿಳುನಾಡು 1980ರ ದಶಕದಲ್ಲೇ ಮಕ್ಕಳ ಮಧ್ಯಾಹ್ನದ ಊಟದ ಕೇಂದ್ರಗಳಲ್ಲಿ ವೃದ್ಧಾಪ್ಯ ವೇತನ ಪಡೆಯುವವರಿಗೂ ಬಡಿಸಲು ಶುರು ಮಾಡಿತು. ನಮ್ಮಲ್ಲೂ ಸರ್ಕಾರಿ ಶಾಲೆಗಳಲ್ಲಿ ಅಕ್ಷರ ದಾಸೋಹದ ಅಡುಗೆಮನೆ ಇದೆ, ಅಡುಗೆಯ ಅಮ್ಮಂದಿರಿದ್ದಾರೆ. ಒಂಟಿಯಾಗಿರುವ ಹಿರಿಯರಿಗೆ ಅಲ್ಲೇ ಒಂದು ಹೊತ್ತಿನ ಬಿಸಿಯೂಟ ಕೊಡಲು ಹೊಸ ಕಟ್ಟಡ ಬೇಕಿಲ್ಲ. ಬೇಕಾದದ್ದು ತಲೆಗಿಷ್ಟು ಎಂದು ಅನುದಾನ, ಅಡುಗೆಯವರ ಗೌರವಧನದಲ್ಲಿ ಹೆಚ್ಚಳ, ನಡೆಯಲಾರದವರಿಗೆ ಡಬ್ಬಿ ಮುಟ್ಟಿಸಲು ಸ್ವಸಹಾಯ ಸಂಘದ ಒಬ್ಬರು. ಭಾನುವಾರ ಮತ್ತು ಬೇಸಿಗೆ ರಜೆಯಲ್ಲಿ ಶಾಲೆಯ ಅಡುಗೆಮನೆ ಮುಚ್ಚಿರುತ್ತದೆ. ಆ ದಿನಗಳ ಊಟದ ಜವಾಬ್ದಾರಿ ಪಂಚಾಯಿತಿಯದೋ ಶಿಕ್ಷಣ ಇಲಾಖೆಯದೋ ಎಂಬುದನ್ನು ಮೊದಲೇ ಆದೇಶದಲ್ಲಿ ಬರೆಯಬೇಕು, ಇಲ್ಲದಿದ್ದರೆ ಏಪ್ರಿಲ್ ಮೇ ತಿಂಗಳ ಉರಿಬಿಸಿಲಿನಲ್ಲಿಯೇ ಅವರು ಉಪವಾಸ ಬೀಳುತ್ತಾರೆ.