ಕಾಗುಣಿತ ಪರೀಕ್ಷಕವೂ ಶಾಸನಪಾಠವೂ

ಇಂದು ನಮ್ಮ ಇತಿಹಾಸ ವಿಭಾಗಗಳ ಸಂಶೋಧನ ಪ್ರಬಂಧಗಳು ಬಹುಮಟ್ಟಿಗೆ ಗಣಕಯಂತ್ರದ ಪದಸಂಸ್ಕಾರಕದಲ್ಲಿಯೇ ಸಿದ್ಧವಾಗುತ್ತವೆ. ಆ ತಂತ್ರಾಂಶದೊಳಗಿದ್ದು, ತನಗೆ ಪರಿಚಿತವಲ್ಲದ ಪದಗಳ ಕೆಳಗೆ ಕೆಂಪು ಗೆರೆಯೆಳೆಯುವ ಕಾಗುಣಿತ ಪರೀಕ್ಷಕವನ್ನು ನಾವು ಒಂದು ಉಪಕರಣವೆಂದಷ್ಟೇ ಎಣಿಸುತ್ತೇವೆ. ವಾಸ್ತವವಾಗಿ ಅದೊಂದು ನಿಘಂಟು. ನಿಘಂಟಾದ ಮೇಲೆ ಅದಕ್ಕೂ ಒಂದು ಪದಸಂಗ್ರಹವುಂಟು, ಒಂದು ವ್ಯಾಕರಣವುಂಟು, ತನ್ನವೇ ಆದ ಮಿತಿಗಳೂ ಉಂಟು. 1894ರಲ್ಲಿ ಪ್ರಕಟವಾದ ಕಿಟ್ಟೆಲರ ನಿಘಂಟನ್ನು ಯಾವ ವಿಮರ್ಶಾದೃಷ್ಟಿಯಿಂದ ಪರಾಮರ್ಶಿಸುತ್ತೇವೆಯೋ ಅದೇ ದೃಷ್ಟಿಯಿಂದ ಇದನ್ನೂ ಪರೀಕ್ಷಿಸುವುದು ಉಚಿತವಾಗಿದೆ.

ಲಿಬ್ರೆ ಆಫೀಸ್ ಎಂಬ ಉಚಿತ ತಂತ್ರಾಂಶವನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಅದರಲ್ಲಿ ಪರೀಕ್ಷೆಯ ಹೊಣೆ ಹನ್‌ಸ್ಪೆಲ್ ಎಂಬ ವ್ಯವಸ್ಥೆಯದು. ಒಂದು ಕಡತದಲ್ಲಿ ಪದಗಳ ಮೂಲರೂಪಗಳು, ಇನ್ನೊಂದರಲ್ಲಿ ಪ್ರತ್ಯಯಗಳು ಮತ್ತು ಅವು ಸೇರುವ ನಿಯಮಗಳು, ಇದು ಅದರ ರಚನೆ. ಮೊದಲು ಇದು ರೂಪುಗೊಂಡದ್ದು ಹಂಗೇರಿಯನ್ ಭಾಷೆಗಾಗಿ. ಆ ಭಾಷೆಯೂ ಕನ್ನಡದಂತೆ ಪ್ರತ್ಯಯಗಳ ಮೇಲೆ ಪ್ರತ್ಯಯಗಳನ್ನು ಪೋಣಿಸುವಂಥದು. ಆದ್ದರಿಂದ ಈ ವ್ಯವಸ್ಥೆ ನಮಗೆ ತೀರ ಪರಕೀಯವೆನ್ನುವಂತಿಲ್ಲ. ತೊಡಕಿರುವುದು ಸಂಧಿಯಲ್ಲಿ. 'ಊರು' ಶಬ್ದಕ್ಕೆ 'ಅನ್ನು' ಸೇರಿದಾಗ ಉಕಾರ ಲೋಪವಾಗಿ 'ಊರನ್ನು' ಎಂದಾಗುತ್ತದೆ. 'ಗುರು' ಶಬ್ದಕ್ಕೆ ಅದೇ ಪ್ರತ್ಯಯ ಸೇರಿದಾಗ ವಕಾರ ಆಗಮವಾಗಿ 'ಗುರುವನ್ನು' ಎಂದಾಗುತ್ತದೆ. ಕೊನೆಯ ಅಕ್ಷರವನ್ನಷ್ಟೇ ನೋಡಿ ಇದನ್ನು ನಿರ್ಣಯಿಸಲಾಗದು. ಪ್ರತಿಯೊಂದು ಪದದ ವರ್ಗವನ್ನೂ ನಿಘಂಟುಕಾರನೇ ಗುರುತಿಸಿಡಬೇಕು. ಈ ಕಾರ್ಯ ಅಪೂರ್ಣವಾದಷ್ಟೂ ಸಾಧುರೂಪಗಳಿಗೂ ಕೆಂಪು ಗೆರೆ ಬೀಳುತ್ತದೆ.

ಇದಕ್ಕೆ ವಿಪರೀತವಾದ ದೋಷವೂ ಒಂದುಂಟು. ಶಾಸನದಲ್ಲಿ 'ಧನ'ವನ್ನು ಕೊಟ್ಟರೆಂದು ಬರೆಯಬೇಕಾದ ವಿದ್ಯಾರ್ಥಿ 'ದನ'ವನ್ನು ಕೊಟ್ಟರೆಂದು ಬರೆದನೆನ್ನಿ. ಎರಡೂ ನಿಘಂಟಿನಲ್ಲಿರುವ ಪದಗಳೇ ಆದ್ದರಿಂದ ಪರೀಕ್ಷಕ ಮೌನವಾಗಿರುತ್ತದೆ. ದಾನದ ಸ್ವರೂಪವೇ ಬದಲಾದರೂ ಪುಟದಲ್ಲಿ ಯಾವ ಗುರುತೂ ಕಾಣದು. ಗೆರೆಯಿಲ್ಲದಿರುವುದು ಪಾಠಶುದ್ಧಿಗೆ ಪ್ರಮಾಣವಲ್ಲ.

ಇತಿಹಾಸಕಾರನಿಗೆ ಇವೆರಡಕ್ಕಿಂತ ಗುರುತರವಾದ ಅಪಾಯ ಶಾಸನಪಾಠವನ್ನು ಉದ್ಧರಿಸುವಲ್ಲಿದೆ. ಶಾಸನಗಳಲ್ಲಿ 'ಧರ್ಮ್ಮ', 'ಸರ್ವ್ವ' ಎಂದು ರಕಾರದ ಅನಂತರದ ವ್ಯಂಜನವನ್ನು ಇಮ್ಮಡಿಸಿ ಬರೆಯುವುದು ಸಾಮಾನ್ಯ. 'ಏೞು', 'ಆಱು' ಎಂಬಲ್ಲಿರುವ ೞ, ಱ ಅಕ್ಷರಗಳು ಇಂದು ಬಳಕೆಯಲ್ಲಿಲ್ಲ. ಹದಿಮೂರನೆಯ ಶತಮಾನದ ಕೇಶಿರಾಜನೇ ೞಕಾರವುಳ್ಳ ಶಬ್ದಗಳನ್ನು ಎತ್ತಿ ಹೇಳಬೇಕಾಗಿ ಬಂದಿತು. ಯಾವ ಶಾಸನದಲ್ಲಿ ಈ ಅಕ್ಷರಗಳು ಸರಿಯಾಗಿ ಉಳಿದಿವೆ, ಯಾವುದರಲ್ಲಿ ತಡವರಿಸಿವೆ ಎಂಬುದೇ ಕಾಲನಿರ್ಣಯಕ್ಕೆ ಒಂದು ಆಧಾರ. ಪರೀಕ್ಷಕ 'ಧರ್ಮ', 'ಏಳು' ಎಂಬ ರೂಪಗಳನ್ನು ಸೂಚಿಸಿ, ಬರೆಯುವವನು 'ಎಲ್ಲವನ್ನೂ ತಿದ್ದು' ಎಂಬ ಆಜ್ಞೆಯನ್ನು ಒತ್ತಿದರೆ, ಆ ಆಧಾರ ಒಂದು ಕ್ಷಣದಲ್ಲಿ ಅಳಿಸಿಹೋಗುತ್ತದೆ. ಕಲ್ಲನ್ನು ಒಡೆದರೆ ಒಡೆದುದು ಕಾಣುತ್ತದೆ. ಇಲ್ಲಿ ಅದೂ ಕಾಣದು.

ಪರಿಹಾರ ಕಷ್ಟಸಾಧ್ಯವೇನಲ್ಲ, ಆದರೆ ಅದಕ್ಕೊಂದು ಕ್ರಮವುಂಟು. ಮೊದಲನೆಯದಾಗಿ, ಬರಹ ಯೂನಿಕೋಡಿನಲ್ಲಿರಬೇಕು. ಇಂಗ್ಲಿಷ್ ಅಕ್ಷರಗಳ ಸಂಕೇತಗಳಿಗೆ ಕನ್ನಡದ ಆಕಾರಗಳನ್ನು ತೊಡಿಸಿದ ಹಳೆಯ ಅಕ್ಷರವಿನ್ಯಾಸಗಳ ಕಡತ ಯಂತ್ರಕ್ಕೆ ಅರ್ಥವಿಲ್ಲದ ಇಂಗ್ಲಿಷಾಗಿಯೇ ತೋರುತ್ತದೆ. ಅದನ್ನು ಪರಿವರ್ತಿಸದೆ ಬೇರಾವ ಏರ್ಪಾಡೂ ಫಲಿಸದು. ಎರಡನೆಯದಾಗಿ, ಲಿಬ್ರೆ ಆಫೀಸ್ ಕನ್ನಡವನ್ನು ಪಾಶ್ಚಾತ್ಯ ಭಾಷೆಗಳಿಂದ ಪ್ರತ್ಯೇಕಿಸಿ, ಸಂಕೀರ್ಣ ಲಿಪಿವಿನ್ಯಾಸವುಳ್ಳ ಭಾಷೆಗಳ ಗುಂಪಿನಲ್ಲಿರಿಸಿದೆ. ಭಾಷೆಯನ್ನು ಆ ಸ್ಥಾನದಲ್ಲಿಯೇ ಆರಿಸಬೇಕು. ಹೆಸರನ್ನು ಆರಿಸಿದ ಮಾತ್ರಕ್ಕೆ ನಿಘಂಟು ಬಂದಂತಾಗದು, ಅದೂ ಸ್ಥಾಪಿತವಾಗಿರಬೇಕು. ಮೂರನೆಯದು ನಮಗೆ ಮುಖ್ಯವಾದುದು. ಶಾಸನಪಾಠಕ್ಕೆಂದೇ ಒಂದು ಪ್ರತ್ಯೇಕ ಶೈಲಿಯನ್ನು ನಿರ್ಮಿಸಿ, ಅದರ ಭಾಷೆಯ ಸ್ಥಾನದಲ್ಲಿ 'ಯಾವುದೂ ಇಲ್ಲ' ಎಂಬುದನ್ನು ಆರಿಸಬೇಕು. ಆಗ ಆ ಭಾಗದಲ್ಲಿ ಪರೀಕ್ಷಕ ಕೈಯಾಡಿಸುವುದಿಲ್ಲ. ಮೈಕ್ರೋಸಾಫ್ಟ್ ವರ್ಡ್‌ನಲ್ಲಿಯೂ ಆಯ್ದ ಭಾಗದ ಕಾಗುಣಿತವನ್ನು ಪರೀಕ್ಷಿಸಬಾರದೆಂದು ವಿಧಿಸುವ ಏರ್ಪಾಡಿದೆ.

ಈ ಸಂದರ್ಭದಲ್ಲಿ ಯೂನಿಕೋಡಿನ ಒಂದು ಸಂಗತಿ ಮನನೀಯವಾಗಿದೆ. 1991ರಲ್ಲಿ ಬಂದ ಅದರ ಮೊದಲ ಆವೃತ್ತಿಯಲ್ಲಿಯೇ ಕನ್ನಡ ಲಿಪಿಗೆ ಸ್ಥಾನ ದೊರೆಯಿತು. ಆದರೆ ೞ ಅಕ್ಷರಕ್ಕೆ ಅಲ್ಲಿ ತಪ್ಪಾಗಿ 'ಫ಼' ಎಂಬ ಹೆಸರು ಬಿದ್ದಿತು. ಒಮ್ಮೆ ಕೊಟ್ಟ ಹೆಸರನ್ನು ಬದಲಿಸಬಾರದೆಂಬುದು ಆ ಮಾನಕದ ನಿಯಮ. ಆದುದರಿಂದ ತಪ್ಪು ಹೆಸರನ್ನು ಹಾಗೆಯೇ ಉಳಿಸಿ, ಸರಿಯಾದ ಹೆಸರನ್ನು ಅದರ ಬದಿಯಲ್ಲಿ ದಾಖಲಿಸಿದ್ದಾರೆ. ಮೂಲವನ್ನು ಅಳಿಸದೆ ತಿದ್ದುಪಡಿಯನ್ನು ಪಕ್ಕದಲ್ಲಿ ಸೂಚಿಸುವುದು ಶಾಸನಸಂಪಾದನೆಯ ಧರ್ಮವೂ ಹೌದು. ಆಧುನಿಕ ಗದ್ಯಕ್ಕೆ ಕಾಗುಣಿತ ಪರೀಕ್ಷಕ ಸಹಾಯಕನಾಗಿರಲಿ. ಶಾಸನಪಾಠಕ್ಕೆ ಮಾತ್ರ ಅದು ಸಂಪಾದಕನಾಗಕೂಡದು. ಆ ಅಧಿಕಾರ ಅಚ್ಚೊತ್ತಿನೊಡನೆ ಪಾಠವನ್ನು ಹೋಲಿಸಿ ನೋಡುವ ಕಣ್ಣಿಗೆ ಸೇರಿದ್ದು.